ಚಳಿಗೆ ಕೈಗವಸು ಆರಿಸುವುದು ಹೇಗೆ: ಗ್ಲೌಸ್, ಮಿಟನ್, ಲೈನರ್‌ಗಳ ಸಮಗ್ರ ಮಾರ್ಗದರ್ಶಿ

ಅಂಗಡಿಯಲ್ಲಿ ಯಾವ ಕೈಗವಸು ಹಾಕಿ ನೋಡಿದರೂ ಬೆಚ್ಚಗೇ ಇರುತ್ತದೆ. ಅದರ ಬಣ್ಣ ಬಯಲಾಗುವುದು ಹೊರಗೆ, ಗಾಳಿ ಬೀಸುವಾಗ, ಜಾಕೆಟ್ಟಿನ ಜಿಪ್ ಸಿಕ್ಕಿಕೊಂಡಾಗ. ದಪ್ಪ ಬೆರಳಲ್ಲಿ ಜಿಪ್ಪಿನ ತುದಿ ಹಿಡಿಯಲು ಆಗುವುದಿಲ್ಲ. ಹಲ್ಲಲ್ಲಿ ಕಚ್ಚಿ ಕೈಗವಸು ಎಳೆಯುತ್ತೀರಿ. ಜಿಪ್ ಸರಿಮಾಡುವಷ್ಟರಲ್ಲಿ ಬೆರಳು ಮರಗಟ್ಟಿರುತ್ತದೆ, ಕೈಗವಸಿನ ಒಳಗೂ ತಣ್ಣಗಾಗಿರುತ್ತದೆ. ಮತ್ತೆ ಕೈ ಬೆಚ್ಚಗಾಗಲು ಬಹಳ ಹೊತ್ತು ಬೇಕು.

ಆದ್ದರಿಂದ ಕೈಗವಸು ಆರಿಸುವಾಗ ನಾನು ಮೊದಲು ಕೇಳುವುದು "ಇದು ಎಷ್ಟು ಡಿಗ್ರಿ ಚಳಿ ತಡೆಯುತ್ತದೆ" ಅಂತ ಅಲ್ಲ. "ಹೊರಗಿರುವಷ್ಟು ಹೊತ್ತು ಇದನ್ನು ಎಷ್ಟು ಸಲ ಬಿಚ್ಚಬೇಕಾಗುತ್ತದೆ" ಅಂತ. ಕೈಗೆ ಚಳಿ ಹಿಡಿಯುವುದು ಹೆಚ್ಚಾಗಿ ಕೈಗವಸು ಕೈಯಲ್ಲಿ ಇಲ್ಲದಾಗ. ದಪ್ಪ, ಬಟ್ಟೆ, ಬ್ರ್ಯಾಂಡ್ ಎಲ್ಲವನ್ನೂ ಈ ಪ್ರಶ್ನೆಯ ಬೆನ್ನಿಗೇ ನೋಡೋಣ.

ಕೈಯೇ ಯಾಕೆ ಮೊದಲು ತಣ್ಣಗಾಗುತ್ತದೆ

ಚಳಿ ತಾಗಿದಾಗ ದೇಹ ಹೃದಯ, ಶ್ವಾಸಕೋಶ ಇರುವ ಮೈಯ ನಡುಭಾಗವನ್ನು ಕಾಪಾಡಿಕೊಳ್ಳುತ್ತದೆ. ಅದಕ್ಕಾಗಿ ಕೈಕಾಲಿನ ತುದಿಗೆ ಹೋಗುವ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಬೆರಳುಗಳು ಸಣ್ಣ, ಗಾತ್ರಕ್ಕೆ ಹೋಲಿಸಿದರೆ ಹೊರಮೈ ಜಾಸ್ತಿ, ಬಿಸಿ ಸೋರಿಹೋಗಲು ಎಲ್ಲ ಕಡೆಯೂ ದಾರಿ. ಜೊತೆಗೆ, ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂದೋಳಿನಲ್ಲಿ, ಬೆರಳಿನಲ್ಲಲ್ಲ. ಅಂದರೆ ಬೆರಳು ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದು ಬಲು ಕಡಿಮೆ. ರಕ್ತ ತಂದುಕೊಟ್ಟ ಬಿಸಿಯೇ ಗತಿ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಕೈಗವಸು ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೆ. ತಣ್ಣಗಾದ ಕೈಗೆ ಹಾಕಿದರೆ ತಣ್ಣಗಿರುವುದನ್ನೇ ಹಿಡಿದಿಡುತ್ತದೆ. ಎರಡು, ಎದೆ, ಹೊಟ್ಟೆ, ತಲೆಗೆ ಸರಿಯಾಗಿ ಹೊದ್ದುಕೊಳ್ಳದೆ ಬರೀ ಕೈಗವಸಿನ ಮೇಲೆ ದುಡ್ಡು ಸುರಿದರೆ ಪ್ರಯೋಜನ ಇಲ್ಲ. ಬೆರಳು ಚಳಿ ಚಳಿ ಅನ್ನುತ್ತಿದ್ದರೆ ಎಷ್ಟೋ ಸಲ ಬೇಕಾಗಿರುವುದು ಇನ್ನೊಂದು ಟೋಪಿ ಅಥವಾ ಒಳಗೊಂದು ಸ್ವೆಟರ್.

ಬೆರಳಿನ ಚರ್ಮ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಸೂಕ್ಷ್ಮ ಕೆಲಸ ಕೈಗೆ ಬಗ್ಗುವುದಿಲ್ಲ. 8 ಡಿಗ್ರಿ ಆಸುಪಾಸಿನಲ್ಲಿ ಮುಟ್ಟಿದ್ದೇ ಗೊತ್ತಾಗುವುದು ಕಡಿಮೆಯಾಗುತ್ತದೆ. ಬಕಲ್ ಹಾಕಲು, ಹಗ್ಗ ಕಟ್ಟಲು, ಬ್ರೇಕ್ ಹಿಡಿಯಲು ಬಾರದ ಕೈ ಹೊರಗೆ ಅಪಾಯವೇ.

ಮೊದಲ ಹೆಜ್ಜೆ: ಕೈ ಏನು ಮಾಡುತ್ತದೆ ಅಂತ ಬರೆದುಕೊಳ್ಳಿ

ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಒಂದು ಚೀಟಿಯಲ್ಲಿ ಬರೆಯಿರಿ. ನೀವು ಹೊರಡುವುದು ನಡೆಯಲೋ, ಓಡಲೋ, ಸೈಕಲ್ ತುಳಿಯಲೋ, ಸ್ಕೀ ಮಾಡಲೋ, ಫೋಟೋ ತೆಗೆಯಲೋ, ಮಗುವಿನ ಜೊತೆ ಹಿಮದಲ್ಲಿ ಆಡಲೋ? ಅದರಲ್ಲಿ ಕೈಗೆ ಬರುವ ಕೆಲಸಗಳು ಯಾವುವು? ಲೇಸ್ ಕಟ್ಟುವುದು, ಕೋಲು ಹಿಡಿಯುವುದು, ಬೀಗದ ಕೈ ತಿರುಗಿಸುವುದು, ಫೋನ್ ನೋಡುವುದು, ಟೆಂಟಿನ ಗೂಟ ಕೀಳುವುದು. ಪ್ರತಿಯೊಂದರ ಮುಂದೆ ಗಂಟೆಗೆ ಎಷ್ಟು ಸಲ ಅಂತ ಅಂದಾಜು ಹಾಕಿ. ಮೈ ಬೆವರುತ್ತದೆಯೋ ಇಲ್ಲವೋ ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ.

ಈ ಚೀಟಿ ನೋಡಿದರೆ ಅರ್ಧ ಆಯ್ಕೆ ಆದ ಹಾಗೆ. ಗಂಟೆಗೊಮ್ಮೆಯೂ ಬೆರಳಿನ ಕೆಲಸ ಇಲ್ಲ ಅಂದರೆ ಮಿಟನ್, ಅಂದರೆ ಬೆರಳುಗಳಿಗೆಲ್ಲ ಸೇರಿ ಒಂದೇ ಚೀಲ ಇರುವ ಕೈಗವಸು. ಐದು ನಿಮಿಷಕ್ಕೊಮ್ಮೆ ಇದೆ ಅಂದರೆ ಐದು ಬೆರಳಿನ ತೆಳು ಗ್ಲೌಸ್, ಅದರ ಮೇಲೆ ಸಲೀಸಾಗಿ ಹಾಕಿ ತೆಗೆಯುವ ಮಿಟನ್. ಬೆವರು ಸುರಿಯುವ ಕೆಲಸ ಅಂದರೆ ನೀವು ಅಂದುಕೊಂಡದ್ದಕ್ಕಿಂತ ತೆಳುವಾದದ್ದು ಸಾಕು.

ಎರಡನೇ ಹೆಜ್ಜೆ: ಐದು ಬೆರಳೋ, ಒಂದೇ ಚೀಲವೋ

ಮಿಟನ್ ಅಂದರೆ ಹೆಬ್ಬೆರಳಿಗೆ ಬೇರೆ ಮನೆ, ಉಳಿದ ನಾಲ್ಕಕ್ಕೂ ಸೇರಿ ಒಂದೇ ಮನೆ ಇರುವ ಕೈಗವಸು. ನಾಲ್ಕು ಬೆರಳೂ ಒಂದೇ ಕಂಬಳಿಯಡಿ ಮಲಗಿದ ಮಕ್ಕಳ ಹಾಗೆ ಒಂದರ ಬಿಸಿಯನ್ನು ಇನ್ನೊಂದು ಹಂಚಿಕೊಳ್ಳುತ್ತವೆ. ಗಾಳಿಗೆ ಒಡ್ಡಿದ ಹೊರಮೈಯೂ ಕಡಿಮೆ. ಒಂದೇ ಬಟ್ಟೆ, ಒಂದೇ ದಪ್ಪದ ಗ್ಲೌಸ್ ಮತ್ತು ಮಿಟನ್ ಪಕ್ಕದಲ್ಲಿಟ್ಟರೆ ಮಿಟನ್ನೇ ಜಾಸ್ತಿ ಬೆಚ್ಚಗೆ. ಇದರಲ್ಲಿ ಚರ್ಚೆಯೇ ಇಲ್ಲ.

ಚರ್ಚೆ ಇರುವುದು ಕೆಲಸದ ವಿಷಯದಲ್ಲಿ. ಮಿಟನ್ ಹಾಕಿ ಲೇಸ್ ಕಟ್ಟಲು ಆಗುವುದಿಲ್ಲ. ಹಾಗಂತ ಅದು ಏನಕ್ಕೂ ಬಾರದ್ದು ಅಂದುಕೊಳ್ಳಬೇಡಿ. ನಡಿಗೆಯ ಕೋಲು, ಸಲಿಕೆ, ಹಿಮಬಂಡಿಯ ಹಗ್ಗ, ದೊಡ್ಡ ಜಿಪ್ ಎಲ್ಲ ಮಿಟನ್ನಿನಲ್ಲೇ ಸಾಗುತ್ತವೆ. ಜಿಪ್ಪಿಗೆ ಒಂದು ಬೆರಳುದ್ದದ ಗಟ್ಟಿ ದಾರ ಕಟ್ಟಿ ಗಂಟು ಹಾಕಿಬಿಡಿ. ಅಷ್ಟರಲ್ಲೇ ಮಿಟನ್ ಬಿಚ್ಚುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಚೀಲದ ಜಿಪ್ಪಿಗೂ, ಟೆಂಟಿನ ಜಿಪ್ಪಿಗೂ ಇದೇ ಉಪಾಯ.

ಇವೆರಡರ ನಡುವೆ ಮೂರು ಬೆರಳಿನದೂ ಸಿಗುತ್ತದೆ. ಲಾಬ್‌ಸ್ಟರ್ ಅನ್ನುತ್ತಾರೆ. ಹೆಬ್ಬೆರಳು ಬೇರೆ, ಉಳಿದ ನಾಲ್ಕು ಎರಡು ಜೋಡಿ. ಕೆಲವದರಲ್ಲಿ ತೋರುಬೆರಳು ಒಂದೇ ಬೇರೆ, ಮಿಕ್ಕ ಮೂರು ಒಟ್ಟಿಗೆ. ಬ್ರೇಕ್ ಹಿಡಿಯುವ ಸೈಕಲ್ ಸವಾರರಿಗೆ ಇದು ಒಳ್ಳೆಯ ರಾಜಿ. ತುದಿ ಮಡಚಿ ಹಿಂದಕ್ಕೆ ಸಿಕ್ಕಿಸುವ ಮಿಟನ್‌ಗಳೂ ಇವೆ. ಫೋಟೋ ತೆಗೆಯುವವರಿಗೆ ಅನುಕೂಲ. ಆದರೆ ಮಡಚುವ ಸೀಳಿನಲ್ಲಿ ಗಾಳಿ ನುಗ್ಗುತ್ತದೆ, ಆದ್ದರಿಂದ ಕಡು ಚಳಿಗೆ ನಾನು ಇವನ್ನು ನಂಬುವುದಿಲ್ಲ.

ಮೂರನೇ ಹೆಜ್ಜೆ: ನಿಮ್ಮದು ಒಣ ಚಳಿಯೋ, ಒದ್ದೆ ಚಳಿಯೋ

ಮೈನಸ್ ಹತ್ತು ಅಂದರೆ ಭಯವಾಗುತ್ತದೆ, ಪ್ಲಸ್ ಎರಡು ಅಂದರೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಕೈಗೆ ಕೇಳಿದರೆ ಬೇರೆಯೇ ಉತ್ತರ. ಮೈನಸ್ ಹತ್ತರಲ್ಲಿ ಹಿಮ ಪುಡಿಪುಡಿ. ಕೊಡವಿದರೆ ಉದುರಿ ಹೋಗುತ್ತದೆ, ಕೈಗವಸು ಒಣಗಿಯೇ ಇರುತ್ತದೆ. ಸೊನ್ನೆಯಿಂದ ಐದು ಡಿಗ್ರಿಯ ನಡುವೆ ಬೀಳುವ ಹಿಮ ಮಿಶ್ರಿತ ಮಳೆ, ಕರಗುತ್ತಿರುವ ಹಿಮ ಎರಡೂ ಬಟ್ಟೆಯೊಳಗೆ ಇಳಿಯುತ್ತವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ. ಒದ್ದೆಯಾದ ದಪ್ಪ ಕೈಗವಸಿಗಿಂತ ಒಣಗಿದ ತೆಳು ಕೈಗವಸು ಮೇಲು.

ಹಾಗಾದರೆ ಒದ್ದೆ ಚಳಿಗೆ ನೀರು ತಡೆಯುವ ಪೊರೆ ಇರುವುದನ್ನು ತೆಗೆದುಕೊಳ್ಳಿ. ಗೋರ್‌ಟೆಕ್ಸ್‌ನಂಥ ಪೊರೆಯನ್ನು ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಇಟ್ಟಿರುತ್ತಾರೆ. ನೀರಿನ ಹನಿ ಒಳಗೆ ಬರುವುದಿಲ್ಲ, ಬೆವರಿನ ಆವಿ ಹೊರಗೆ ಹೋಗುತ್ತದೆ. ಹೇಳುವುದು ಹೀಗೆ. ನಿಜದಲ್ಲಿ ಹೊರಬಟ್ಟೆ ನೀರು ಕುಡಿದು ತೊಯ್ದ ಮೇಲೆ ಆವಿ ಹೋಗುವ ದಾರಿ ಮುಚ್ಚಿಹೋಗುತ್ತದೆ. ಒಳಗೆ ಪಸೆ ಪಸೆ ಅನ್ನಿಸಿದಾಗ "ಸೋರುತ್ತಿದೆ" ಅಂತ ಬೈಯುತ್ತೇವೆ, ಎಷ್ಟೋ ಸಲ ಅದು ನಮ್ಮದೇ ಬೆವರು.

ಒಣ ಚಳಿಗೆ ಪೊರೆ ಬೇಕೇಬೇಕು ಅಂತಿಲ್ಲ. ಗಾಳಿ ತಡೆಯುವ ಹೊರಪದರ ಸಾಕು, ಬೆವರು ಬೇಗ ಆರುತ್ತದೆ.

ಗಾಳಿಯ ಲೆಕ್ಕ ಬೇರೆ. ಕೆನಡಾ ಮತ್ತು ಅಮೆರಿಕ 2001ರಿಂದ ಬಳಸುತ್ತಿರುವ ಗಾಳಿಚಳಿಯ (ವಿಂಡ್ ಚಿಲ್) ಸೂತ್ರದ ಪ್ರಕಾರ, ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 20ರಂತೆ ತಾಗುತ್ತದೆ. ಗಾಳಿ ಇಲ್ಲದ ದಿನವೂ ನೀವೇ ಗಾಳಿ ಹುಟ್ಟಿಸಬಹುದು: ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸೈಕಲ್ ತುಳಿದರೆ ಕೈಗೆ ಸುಮಾರು ಮೈನಸ್ 6. ಅಜ್ಜಿ ಹೆಣೆದುಕೊಟ್ಟ ಉಣ್ಣೆಯ ಕೈಗವಸು ನಿಂತಲ್ಲಿ ಬಲು ಬೆಚ್ಚಗೆ, ಸೈಕಲ್ ಮೇಲೆ ಜರಡಿ. ಅದರ ಮೇಲೊಂದು ತೆಳು ನೈಲಾನ್ ಚೀಲ ಏರಿಸಿದರೆ ಮತ್ತೆ ಬೆಚ್ಚಗೆ.

ನಾಲ್ಕನೇ ಹೆಜ್ಜೆ: ಒಳಗೆ ತುಂಬಿರುವುದು ಏನು

ಬಿಸಿ ಹಿಡಿದಿಡುವುದು ನೂಲಲ್ಲ, ನೂಲಿನ ನಡುವೆ ಸಿಕ್ಕಿಕೊಂಡ ನಿಂತ ಗಾಳಿ. ಅದನ್ನು ಅದುಮಿದರೆ ಬಿಸಿಯೂ ಹೋಯಿತು. ಇದೊಂದು ನೆನಪಿದ್ದರೆ ಉಳಿದದ್ದು ಸುಲಭ.

ಬಾತುಕೋಳಿಯ ತುಪ್ಪುಳ ಹಗುರ, ತೂಕಕ್ಕೆ ಹೋಲಿಸಿದರೆ ಅತಿ ಬೆಚ್ಚಗೆ. ಒದ್ದೆಯಾದರೆ ಮುದ್ದೆಯಾಗುತ್ತದೆ, ಒಣಗಲು ದಿನಗಟ್ಟಲೆ ಬೇಕು. ಒಣ ಕಡು ಚಳಿಯ ಮಿಟನ್ನಿಗೆ ಸರಿ. ಆದರೆ ಅಂಗೈ ಕಡೆ ತುಪ್ಪುಳ ತುಂಬುವುದು ವ್ಯರ್ಥ. ಏನನ್ನಾದರೂ ಹಿಡಿದ ತಕ್ಷಣ ಅಪ್ಪಚ್ಚಿಯಾಗುತ್ತದೆ.

ಕೃತಕ ನಾರು ಒದ್ದೆಯಲ್ಲೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ, ಬೇಗ ಒಣಗುತ್ತದೆ. ಪ್ರಿಮಾಲಾಫ್ಟ್ ಅನ್ನುವ ಕೃತಕ ನಾರು ಹುಟ್ಟಿದ್ದೇ 1980ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೆ ತುಪ್ಪುಳದ ಬದಲಿಯಾಗಿ. ಥಿನ್ಸುಲೇಟ್ ತೆಳುವಾಗಿದ್ದೂ ಬೆಚ್ಚಗಿರುವುದಕ್ಕೆ ಹೆಸರಾದದ್ದು, ಗ್ಲೌಸ್‌ಗಳಲ್ಲಿ ಜಾಸ್ತಿ ಕಾಣುವುದು ಇವೇ. ಲೇಬಲ್ಲಿನಲ್ಲಿ 40 ಗ್ರಾಂ, 100 ಗ್ರಾಂ, 200 ಗ್ರಾಂ ಅಂತ ಇರುತ್ತದಲ್ಲ, ಅದು ಕೈಗವಸಿನ ತೂಕ ಅಲ್ಲ. ಒಂದು ಚದರ ಮೀಟರ್ ತುಂಬುವಸ್ತುವಿನ ತೂಕ. ಒಂದೇ ಬಗೆಯ ನಾರಿನ ಒಳಗೆ ಹೋಲಿಸಲು ಈ ಸಂಖ್ಯೆ ಸರಿ. ಬೇರೆ ಬೇರೆ ನಾರುಗಳ ನಡುವೆ ಹೋಲಿಸಿದರೆ ದಾರಿ ತಪ್ಪಿಸುತ್ತದೆ. ಎರಡು ಸಂಖ್ಯೆ ಇದ್ದರೆ ದೊಡ್ಡದು ಕೈಯ ಹಿಂಬದಿಗೆ, ಸಣ್ಣದು ಅಂಗೈಗೆ. ಅದೇ ಒಳ್ಳೆಯ ವಿನ್ಯಾಸ: ಹಿಂಬದಿ ಗಾಳಿಗೆ ಒಡ್ಡಿಕೊಂಡಿರುತ್ತದೆ, ಅಂಗೈಗೆ ಹಿಡಿತ ಬೇಕು.

ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ವಾಸನೆಯೂ ಬೇಗ ಹಿಡಿಯುವುದಿಲ್ಲ. ಒಳಗವಸಿಗೆ ಮೆರಿನೊ ಉಣ್ಣೆಗೆ ಸಾಟಿ ಇಲ್ಲ ಅನ್ನುವುದು ನನ್ನ ಪಕ್ಷಪಾತ. ಅದರ ಕೊರತೆ ಅಂದರೆ ಬೆರಳ ತುದಿಯಲ್ಲಿ ಬೇಗ ತೂತು ಬೀಳುತ್ತದೆ. ಫ್ಲೀಸ್ ಅನ್ನುವ ಮೆತ್ತನೆಯ ಕೃತಕ ಬಟ್ಟೆ ಅಗ್ಗ, ಹಗುರ, ಗಾಳಿಗೆ ಮಾತ್ರ ಅಡ್ಡ ನಿಲ್ಲುವುದಿಲ್ಲ. ಹತ್ತಿ ಬೇಡವೇ ಬೇಡ. ಬೆವರು ಕುಡಿದು ಅಲ್ಲೇ ಇಟ್ಟುಕೊಳ್ಳುತ್ತದೆ.

ಐದನೇ ಹೆಜ್ಜೆ: ಒಂದು ದಪ್ಪ ಜೊತೆಯ ಬದಲು ಪದರ

ಚೀಟಿಯಲ್ಲಿ ಬೆರಳಿನ ಕೆಲಸ ಜಾಸ್ತಿ ಇದ್ದವರಿಗೆ ಈ ಹೆಜ್ಜೆಯೇ ಮುಖ್ಯ. ಒಳಗೆ ಮೈಗಂಟುವ ತೆಳು ಲೈನರ್, ಅಂದರೆ ಒಳಗವಸು. ಅದರ ಮೇಲೆ ಬೆಚ್ಚನೆಯ ಮಿಟನ್. ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ತಡೆಯುವ ಶೆಲ್. ಬೆರಳಿನ ಕೆಲಸ ಬಂದಾಗ ಮಿಟನ್ ಮಾತ್ರ ಬಿಚ್ಚಿ. ಲೈನರ್ ಕೈಯಲ್ಲೇ ಇರಲಿ. ಚರ್ಮ ಗಾಳಿಗೆ ತೆರೆದುಕೊಳ್ಳುವುದೇ ಇಲ್ಲ. ಮೈನಸ್ ಚಳಿಯಲ್ಲಿ ಲೋಹದ ಬಕಲ್ಲನ್ನು ಬರಿಗೈಯಲ್ಲಿ ಹಿಡಿದರೆ ಚರ್ಮದ ತೇವ ಹೆಪ್ಪುಗಟ್ಟಿ ಅಂಟಿಕೊಳ್ಳಬಹುದು, ಕೀಳುವಾಗ ಚರ್ಮವೂ ಕಿತ್ತು ಬರುತ್ತದೆ. ಕಾಗದದಷ್ಟು ತೆಳುವಾದ ಲೈನರ್ ಕೂಡ ಅದನ್ನು ತಪ್ಪಿಸುತ್ತದೆ. ಕ್ಯಾಂಪಿಂಗ್ ಒಲೆಗೆ ಪೆಟ್ರೋಲ್ ತುಂಬುವವರು ಇನ್ನೂ ಹುಷಾರಾಗಿರಬೇಕು. ಅದು ಮೈನಸ್ ಚಳಿಯಲ್ಲೂ ದ್ರವವಾಗೇ ಇರುತ್ತದೆ, ಸುತ್ತಲಿನ ಗಾಳಿಯಷ್ಟೇ ತಣ್ಣಗಿರುತ್ತದೆ, ಕೈಗೆ ಚೆಲ್ಲಿದರೆ ಆವಿಯಾಗುತ್ತಾ ಚರ್ಮವನ್ನು ಕ್ಷಣದಲ್ಲಿ ಮರಗಟ್ಟಿಸುತ್ತದೆ. ಆ ಕೆಲಸಕ್ಕೆ ನೈಟ್ರೈಲ್ ರಬ್ಬರ್ ಗ್ಲೌಸ್ ಬೇಕು, ಉಣ್ಣೆ ಅಲ್ಲ.

ಲೈನರ್ ಎರಡು ಜೊತೆ ಇರಲಿ. ಒಂದು ಬೆವರಿಗೆ ಒದ್ದೆಯಾದರೆ ಇನ್ನೊಂದು ಹಾಕಿ, ಒದ್ದೆಯಾದದ್ದು ಜಾಕೆಟ್ಟಿನ ಒಳಜೇಬಿನಲ್ಲಿ ಮೈಬಿಸಿಗೆ ಆರುತ್ತದೆ.

ದಿನಗಟ್ಟಲೆ ಕಡು ಚಳಿಯಲ್ಲಿ ಇರುವವರು ಇನ್ನೊಂದು ಉಪಾಯ ಮಾಡುತ್ತಾರೆ. ಎಲ್ಲಕ್ಕಿಂತ ಒಳಗೆ, ಚರ್ಮಕ್ಕೆ ತಾಗುವಂತೆ ತೆಳು ರಬ್ಬರ್ ಗ್ಲೌಸ್. ಕೈ ಸ್ವಲ್ಪ ಪಸೆಯಾಗಿರುತ್ತದೆ ನಿಜ, ಆದರೆ ಬೆವರಿನ ಆವಿ ಹೊರಗಿನ ದಪ್ಪ ಪದರಕ್ಕೆ ಹೋಗಿ ಅಲ್ಲಿ ಮಂಜುಗಡ್ಡೆಯಾಗುವುದು ತಪ್ಪುತ್ತದೆ. ಒಂದು ಗಂಟೆಯ ನಡಿಗೆಗೆ ಇದರ ಅಗತ್ಯ ಇಲ್ಲ.

ಆರನೇ ಹೆಜ್ಜೆ: ಅಳತೆ

ಜಾಸ್ತಿ ಕೈಗವಸುಗಳು ಕೈಕೊಡುವುದು ಇಲ್ಲೇ. ಬಟ್ಟೆ ಚೆನ್ನಾಗಿರುತ್ತದೆ, ಅಳತೆ ಬಿಗಿಯಾಗಿರುತ್ತದೆ. ಬಿಗಿಯಾದರೆ ಎರಡು ಕಡೆ ಏಟು: ತುಂಬಿದ್ದು ಅದುಮಿ ನಿಂತ ಗಾಳಿ ಹೋಗುತ್ತದೆ, ಬೆರಳಿಗೆ ಬರುವ ರಕ್ತವೂ ಕಡಿಮೆಯಾಗುತ್ತದೆ.

ಟೇಪು ತಗೊಳ್ಳಿ. ನೀವು ಹೆಚ್ಚು ಬಳಸುವ ಕೈಯನ್ನು ಅಳೆಯಿರಿ. ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಹತ್ತಿರ ಅಂಗೈ ಅತಿ ಅಗಲ ಇರುವಲ್ಲಿ ಸುತ್ತಳತೆ. ಆಮೇಲೆ ನಡುಬೆರಳ ತುದಿಯಿಂದ ಮಣಿಕಟ್ಟಿನ ಗೆರೆಯವರೆಗೆ ಉದ್ದ. ಯುರೋಪಿನ ರಕ್ಷಣಾ ಗ್ಲೌಸ್‌ಗಳ ಅಳತೆಯಲ್ಲಿ 7 ಅಂದರೆ ಸುತ್ತಳತೆ 178 ಮಿಲಿಮೀಟರ್, ಉದ್ದ 171. 8 ಅಂದರೆ 203 ಮತ್ತು 182. 9 ಅಂದರೆ 229 ಮತ್ತು 192. ಸುತ್ತಳತೆ ಒಂದು ಸಂಖ್ಯೆಗೆ, ಉದ್ದ ಇನ್ನೊಂದಕ್ಕೆ ಬಂದರೆ ದೊಡ್ಡದನ್ನೇ ತೆಗೆದುಕೊಳ್ಳಿ. ಎಂ, ಎಲ್ ಅನ್ನುವ ಅಕ್ಷರಗಳನ್ನು ನಂಬಬೇಡಿ. ಒಬ್ಬರ ಎಂ ಇನ್ನೊಬ್ಬರ ಎಸ್.

ಹಾಕಿ ನೋಡುವಾಗ ಲೈನರ್ ಹಾಕಿಕೊಂಡೇ ನೋಡಿ. ಬೆರಳು ನೆಟ್ಟಗೆ ಚಾಚಿದಾಗ ತುದಿಯಲ್ಲಿ ಸುಮಾರು ಅರ್ಧ ಸೆಂಟಿಮೀಟರ್ ಜಾಗ ಉಳಿಯಬೇಕು. ಅದಕ್ಕಿಂತ ಜಾಸ್ತಿ ಉಳಿದರೆ ಬೆರಳ ತುದಿ ಏನನ್ನೂ ಹಿಡಿಯುವುದಿಲ್ಲ, ಆ ಖಾಲಿ ಜಾಗವನ್ನು ಬಿಸಿ ಮಾಡಲು ಬೆರಳಿಗೆ ಶಕ್ತಿಯೂ ಇಲ್ಲ. ಈಗ ಮುಷ್ಟಿ ಕಟ್ಟಿ. ಗೆಣ್ಣಿನ ಮೇಲೆ ಬಟ್ಟೆ ಬಿಗಿದರೆ, ಬೆರಳ ತುದಿ ಮುಂದಕ್ಕೆ ಒತ್ತಿದರೆ ಸಣ್ಣದಾಯಿತು. ಹೆಬ್ಬೆರಳನ್ನು ಎಲ್ಲರೂ ಮರೆಯುತ್ತಾರೆ. ನಾಲ್ಕು ಬೆರಳು ಸರಿಯಾಗಿದ್ದು ಹೆಬ್ಬೆರಳ ತುದಿ ಮುಟ್ಟುವ ಕೈಗವಸು ಹೊರಗೆ ಹೋದ ಅರ್ಧ ಗಂಟೆಗೆ ಹೆಬ್ಬೆರಳನ್ನು ಸಾಯಿಸುತ್ತದೆ. ಮಿಟನ್ನಿನಲ್ಲಿ ಹೆಬ್ಬೆರಳನ್ನು ಅದರ ಮನೆಯಿಂದ ಎಳೆದು ಉಳಿದ ಬೆರಳುಗಳ ಜೊತೆ ಸೇರಿಸಿ ಒಳಗೇ ಮುಷ್ಟಿ ಕಟ್ಟಲು ಬರಬೇಕು. ಚಳಿ ಹಿಡಿದಾಗ ಮಾಡುವ ಮೊದಲ ಕೆಲಸವೇ ಅದು.

ಏಳನೇ ಹೆಜ್ಜೆ: ತಿರುಗಿಸಿ ತಿರುಗಿಸಿ ನೋಡಿ

ಒಳಬಟ್ಟೆ ಬೆರಳ ತುದಿಯಲ್ಲಿ ಹೊರಬಟ್ಟೆಗೆ ಹೊಲಿದಿದೆಯೋ ನೋಡಿ. ಇಲ್ಲದಿದ್ದರೆ ಬೆವರಿದ ಕೈ ಹೊರಗೆಳೆದಾಗ ಒಳಬಟ್ಟೆಯೂ ಕೈಜೊತೆ ಬರುತ್ತದೆ. ಆಮೇಲೆ ಒಂದೊಂದೇ ಬೆರಳಿನ ಬಟ್ಟೆಯನ್ನು ಒಳಗೆ ದೂಡುವ ಪೇಚಾಟ, ಅದೂ ತಣ್ಣನೆಯ ಕೈಯಲ್ಲಿ. ಅಂಗಡಿಯಲ್ಲೇ ಕೈ ಹಾಕಿ ಬೇಗ ಹೊರಗೆಳೆದು ಪರೀಕ್ಷಿಸಿ.

ಅಂಗೈಗೆ ಮೇಕೆಯ ಚರ್ಮ ಚೆನ್ನ: ತೆಳು, ಆದರೂ ಗಟ್ಟಿ. ಕೃತಕ ಚರ್ಮ ನೀರು ಕಡಿಮೆ ಕುಡಿಯುತ್ತದೆ, ಸವೆಯುವುದೂ ಬೇಗ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲಿನಲ್ಲಿ ಎರಡು ಪದರ ಇದ್ದರೆ ಅದು ಬಾಳಿಕೆ ಬರುವ ಕೈಗವಸು. ಮೊದಲು ಹೊಲಿಗೆ ಬಿಡುವುದು ಅಲ್ಲೇ. ಬೆರಳುಗಳನ್ನು ಸ್ವಲ್ಪ ಬಾಗಿದಂತೆ ಹೊಲಿದಿದ್ದರೆ ಕೋಲೋ ಹ್ಯಾಂಡಲ್ಲೋ ಹಿಡಿಯಲು ಶ್ರಮ ಕಡಿಮೆ. ಹೆಬ್ಬೆರಳ ಹಿಂಬದಿಯಲ್ಲಿ ಮೆತ್ತನೆಯ ಬಟ್ಟೆಯ ತುಂಡು ಇದ್ದರೆ ಅದು ಮೂಗು ಒರೆಸಲು. ನಗಬೇಡಿ, ಚಳಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮದ ಹತ್ತಿರವೇ ಹರಿಯುತ್ತದೆ. ಅಲ್ಲಿ ಸಂದು ಬಿಟ್ಟರೆ ಬೆರಳಿಗೆ ಹೋಗುವ ರಕ್ತ ದಾರಿಯಲ್ಲೇ ತಣ್ಣಗಾಗುತ್ತದೆ. ಉದ್ದನೆಯ ಕಫ್ ಜಾಕೆಟ್ಟಿನ ತೋಳಿನ ಮೇಲೆ ಬಂದರೆ ಹಿಮ ಒಳಗೆ ಬೀಳುವುದಿಲ್ಲ. ಸಲಿಕೆ ಕೆಲಸಕ್ಕೂ, ಬೀಳುತ್ತಾ ಏಳುತ್ತಾ ಕಲಿಯುವವರಿಗೂ ಇದೇ ಸರಿ. ಚಿಕ್ಕ ಕಫ್ ತೋಳಿನ ಒಳಗೆ ಹೋಗುತ್ತದೆ, ಕೈ ಮೇಲೆತ್ತುವ ಕೆಲಸಕ್ಕೆ ಒಳ್ಳೆಯದು. ಯಾವುದೇ ಆಗಲಿ, ನಿಮ್ಮ ಜಾಕೆಟ್ ಹಾಕಿಕೊಂಡೇ ನೋಡಿ.

ಇನ್ನೊಂದು ಇದೆ, ಮಣಿಕಟ್ಟಿಗೆ ಸಿಕ್ಕಿಸುವ ಎಲಾಸ್ಟಿಕ್ ದಾರ. ಮಕ್ಕಳಾಟ ಅಂತ ಕತ್ತರಿಸಿ ಎಸೆಯುವವರಿದ್ದಾರೆ. 1950ರ ಜೂನ್ 3ರಂದು ಫ್ರಾನ್ಸಿನ ಮೋರಿಸ್ ಹೆರ್ಜೋಗ್ 8,091 ಮೀಟರ್ ಎತ್ತರದ ಅನ್ನಪೂರ್ಣಾ ಹತ್ತಿ ಇಳಿಯುವಾಗ ಚೀಲ ತೆರೆಯಲೆಂದು ಕೈಗವಸು ಬಿಚ್ಚಿದರು. ಅವು ಇಳಿಜಾರಿನಲ್ಲಿ ಉರುಳಿಹೋದವು. ಚೀಲದಲ್ಲಿ ಹೆಚ್ಚುವರಿ ಕಾಲುಚೀಲ ಇತ್ತು, ಕೈಗೆ ಏರಿಸಬಹುದಿತ್ತು. ಆ ಎತ್ತರದಲ್ಲಿ, ಆ ಸುಸ್ತಿನಲ್ಲಿ ಅವರಿಗೆ ಅದು ಹೊಳೆಯಲೇ ಇಲ್ಲ. ಕೊನೆಗೆ ಬೆರಳುಗಳನ್ನು ಕಳೆದುಕೊಂಡರು. ದಾರ ಇಲ್ಲದ ಕೈಗವಸಾದರೆ ನೀವೇ ಒಂದನ್ನು ಹೊಲಿದುಕೊಳ್ಳಿ. ಮಕ್ಕಳಿಗೆ ಮಾತ್ರ ಕತ್ತಿನ ಹಿಂದಿನಿಂದ ಹಾದುಹೋಗುವ ಉದ್ದ ದಾರ ಬೇಡ, ಎಲ್ಲಿಯಾದರೂ ಸಿಕ್ಕಿಕೊಳ್ಳಬಹುದು. ತೋಳಿಗೆ ಸಿಕ್ಕಿಸುವ ಕ್ಲಿಪ್ ಸಾಕು. ಚಿಕ್ಕ ಮಕ್ಕಳಿಗೆ ಗ್ಲೌಸಿನ ಬೆರಳೊಳಗೆ ಬೆರಳು ತೂರಿಸಲು ಬರುವುದಿಲ್ಲ. ಉದ್ದ ಕಫ್ಫಿನ, ನೀರು ಇಳಿಯದ ಮಿಟನ್ ಕೊಡಿಸಿ.

ಲೇಬಲ್ಲಿನ ಸಂಖ್ಯೆಗಳು

"ಮೈನಸ್ 20ರವರೆಗೆ" ಅಂತ ಬರೆದಿರುವುದು ಸಾಮಾನ್ಯವಾಗಿ ತಯಾರಕರದೇ ಅಂದಾಜು. ಓಡುವವನಿಗೋ ನಿಂತವನಿಗೋ, ಒಂದು ಗಂಟೆಗೋ ಹತ್ತು ನಿಮಿಷಕ್ಕೋ, ಏನೂ ಇರುವುದಿಲ್ಲ. ಒಂದೇ ಕಂಪನಿಯ ಎರಡು ಕೈಗವಸು ಹೋಲಿಸಲು ಬಳಸಿ, ಅಷ್ಟೇ.

ಕೆಲಸಗಾರರ ಗ್ಲೌಸ್‌ಗಳ ಮೇಲೆ ಹಿಮದ ಹರಳಿನ ಚಿತ್ರ, ಇಎನ್ 511 ಅನ್ನುವ ಗುರುತು, ಕೆಳಗೆ ಮೂರು ಅಂಕಿ ಇರುತ್ತವೆ. ಇದು ಯುರೋಪಿನ ಮಾನದಂಡ, ಪರೀಕ್ಷೆ ಮಾಡಿ ಕೊಟ್ಟ ಅಂಕಿ. ಮೊದಲನೆಯದು ಸುತ್ತಲಿನ ತಣ್ಣನೆಯ ಗಾಳಿಗೆ, 0ಯಿಂದ 4. ಎರಡನೆಯದು ತಣ್ಣನೆಯ ವಸ್ತು ಮುಟ್ಟುವುದಕ್ಕೆ, ಅದೂ 0ಯಿಂದ 4. ಮೂರನೆಯದು ನೀರು ಇಳಿಯುತ್ತದೆಯೇ ಅಂತ, 0 ಅಥವಾ 1. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ ಅಂತ. ಕಬ್ಬಿಣದ ಸಲಾಕೆ ಹಿಡಿದು ಕೆಲಸ ಮಾಡುವವರು ಎರಡನೇ ಅಂಕಿಯನ್ನೇ ನೋಡಬೇಕು.

ಟಚ್‌ಸ್ಕ್ರೀನ್ ಬೆರಳು ಅನ್ನುವ ಗುರುತಿಗೆ ಜಾಸ್ತಿ ದುಡ್ಡು ಕೊಡಬೇಡಿ. ದಪ್ಪ ಕೈಗವಸಿನ ಬೆರಳಲ್ಲಿ ಟೈಪ್ ಮಾಡುವುದು ಹೇಗೂ ಆಗದ ಮಾತು. ಲೈನರಿನಲ್ಲಿ ಆ ಗುಣ ಇದ್ದರೆ ಕೆಲಸಕ್ಕೆ ಬರುತ್ತದೆ.

ಕೊಂಡ ಮೇಲೆ, ಟ್ಯಾಗ್ ಕೀಳುವ ಮೊದಲು

ಮನೆಯಲ್ಲೇ ಪರೀಕ್ಷಿಸಿ. ಚೀಟಿ ಹೊರತೆಗೆಯಿರಿ, ಅದರಲ್ಲಿರುವ ಕೆಲಸಗಳನ್ನೆಲ್ಲ ಕೈಗವಸು ಹಾಕಿ ಮಾಡಿ. ಜಿಪ್ ಎಳೆಯಿರಿ, ಬಕಲ್ ಹಾಕಿ, ಜೇಬಿನಿಂದ ಬೀಗದ ಕೈ ತೆಗೆಯಿರಿ, ನೀರಿನ ಬಾಟಲಿ ಮುಚ್ಚಳ ತಿರುಗಿಸಿ. ಯಾವ ಕೆಲಸಕ್ಕೆ ಬಿಚ್ಚಲೇಬೇಕಾಯಿತೋ ಅದಕ್ಕೆ ಗುರುತು ಹಾಕಿ. ಆಮೇಲೆ ಒಂದು ಕೈಯ ಕೈಗವಸನ್ನು ಹಲ್ಲು ತಾಗಿಸದೆ ಇನ್ನೊಂದು ಕೈಯಿಂದ ಹಾಕಿ ತೆಗೆದು ಮಾಡಿ. ಫ್ರೀಜರಿನಿಂದ ಐಸ್ ಚೀಲ ತೆಗೆದು ಐದು ನಿಮಿಷ ಹಿಡಿದುಕೊಳ್ಳಿ. ಅಂಗೈ ಎಷ್ಟು ಬೇಗ ತಣ್ಣಗಾಗುತ್ತದೆ ಅಂತ ಗೊತ್ತಾಗುತ್ತದೆ. ಗುರುತುಗಳು ಮೂರು ನಾಲ್ಕಕ್ಕಿಂತ ಜಾಸ್ತಿಯಾದರೆ ವಾಪಸ್ ಕೊಡಿ, ಎಷ್ಟೇ ಬೆಚ್ಚಗಿದ್ದರೂ.

ಯಾವ ಆಟಕ್ಕೆ ಯಾವುದು

ಓಟಕ್ಕೂ, ಸಮತಟ್ಟು ಹಿಮದಲ್ಲಿ ಸಾಗುವ ಕ್ರಾಸ್‌ಕಂಟ್ರಿ ಸ್ಕೀಗೂ ತೆಳು ಗ್ಲೌಸ್. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನ್ನಿಸಿದರೆ ಸರಿಯಾಗಿದೆ ಅಂತ ಅರ್ಥ. ಬೆಟ್ಟದ ಇಳಿಜಾರಿನ ಸ್ಕೀಯಿಂಗಿಗೆ ನೀರು ತಡೆಯುವ, ಚರ್ಮದ ಅಂಗೈಯ ಗ್ಲೌಸ್ ಅಥವಾ ಮಿಟನ್. ಬೆಟ್ಟದ ಮೇಲಕ್ಕೆ ಒಯ್ಯುವ ಸ್ಕೀ ಲಿಫ್ಟಿನಲ್ಲಿ ಅಲ್ಲಾಡದೆ ಕೂರುವ ಹೊತ್ತಿನ ಚಳಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ, ಇಳಿಯುವ ಹೊತ್ತಿನದಲ್ಲ. ಸ್ನೋಬೋರ್ಡ್ ಮಾಡುವವರ ಕೈ ಹಿಮಕ್ಕೆ ಊರುವುದು ಜಾಸ್ತಿ, ಮಿಟನ್ ಒಳ್ಳೆಯದು.

ಸೈಕಲ್ಲಿಗೆ ಹಿಂಬದಿ ಗಾಳಿ ತಡೆಯಬೇಕು, ಅಂಗೈ ತೆಳುವಿರಬೇಕು. ಅಂಗೈ ದಪ್ಪವಾದರೆ ಹ್ಯಾಂಡಲ್ ಬಿಗಿಯಾಗಿ ಅಮುಕುತ್ತೀರಿ, ಕೈ ಜೋಮು ಹಿಡಿಯುತ್ತದೆ. ಸೊನ್ನೆಗಿಂತ ತೀರಾ ಕೆಳಗೆ ತುಳಿಯುವವರಿಗೆ ಹ್ಯಾಂಡಲ್ಲಿಗೇ ಕಟ್ಟುವ ದೊಡ್ಡ ಚೀಲಗಳಿವೆ, ಪೋಗಿ ಅನ್ನುತ್ತಾರೆ. ನೋಡಲು ವಿಚಿತ್ರ. ಆದರೆ ಒಳಗೆ ತೆಳು ಗ್ಲೌಸ್ ಹಾಕಿ ಬ್ರೇಕು, ಗೇರು ಎಲ್ಲ ಸಲೀಸು. ನನ್ನ ಕೇಳಿದರೆ ಚಳಿಗಾಲದ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಮಂಜುಗೋಡೆ ಹತ್ತುವವರದು ಬೇರೆ ಜಗತ್ತು. ಕೈ ತಲೆಯ ಮೇಲೆ, ಹಿಡಿತ ಬಿಗಿ, ರಕ್ತ ಕೆಳಗಿಳಿದಿರುತ್ತದೆ. ಹತ್ತಲು ತೆಳು ಗ್ಲೌಸ್, ನಿಂತು ಹಗ್ಗ ಹಿಡಿಯಲು ದಪ್ಪದ್ದು, ಹೀಗೆ ಎರಡು ಮೂರು ಜೊತೆ ಒಯ್ಯುತ್ತಾರೆ. ಹಕ್ಕಿ ನೋಡುವವರು, ಫೋಟೋ ತೆಗೆಯುವವರು ಅಲ್ಲಾಡುವುದೇ ಇಲ್ಲ. ಅವರಿಗೆ ಲೈನರ್ ಮತ್ತು ಭಾರೀ ಮಿಟನ್.

ಬಿಸಿ ಕೊಡುವ ಸಾಧನಗಳು

ಕೈಬಿಸಿ ಪೊಟ್ಟಣದಲ್ಲಿ ಇರುವುದು ಕಬ್ಬಿಣದ ಪುಡಿ, ಉಪ್ಪು, ಇದ್ದಿಲು. ಗಾಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ. ಗಾಳಿಯೇ ಆಡದ ಕೈಗವಸಿನೊಳಗೆ ಹಾಕಿದರೆ ಮಂದವಾಗುತ್ತದೆ. ಆದ್ದರಿಂದ ಹಾಕುವ ಮೊದಲೇ ತೆರೆದು ಬಿಸಿಯಾಗಲು ಬಿಡಿ. ಚರ್ಮಕ್ಕೆ ನೇರ ತಾಗಿಸಬೇಡಿ. ಕೆಲಸ ಬೇಗ ಮುಗಿದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಉಳಿದದ್ದು ಇನ್ನೊಂದು ಸಲಕ್ಕೆ ಬರುತ್ತದೆ.

ಬ್ಯಾಟರಿ ಗ್ಲೌಸ್ ಎಲ್ಲರಿಗೂ ಬೇಡ. ಭಾರ, ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ರೇನೋ ಸಮಸ್ಯೆ ಇರುವವರಿಗೆ ಮಾತ್ರ ಇದು ನಿಜಕ್ಕೂ ವರ. 1862ರಲ್ಲಿ ಫ್ರೆಂಚ್ ವೈದ್ಯ ರೇನೋ ವಿವರಿಸಿದ ಈ ತೊಂದರೆಯಲ್ಲಿ ಸಣ್ಣ ಚಳಿಗೇ ಬೆರಳಿನ ರಕ್ತನಾಳ ಮುಚ್ಚಿಕೊಂಡು ಬೆರಳು ಬಿಳುಚುತ್ತದೆ, ನೀಲಿಯಾಗುತ್ತದೆ. ಅಂಥವರು ಬ್ಯಾಟರಿ ಮುಗಿದ ಮೇಲೂ ಬೆಚ್ಚಗಿರುವ ಮಿಟನ್ ಜೊತೆಗಿಟ್ಟುಕೊಳ್ಳಬೇಕು. ವೈದ್ಯರನ್ನು ಕೇಳುವುದೂ ಒಳ್ಳೆಯದು.

ಹೊರಗೆ ಹೋದ ಮೇಲೆ

ಮನೆಯೊಳಗೇ, ಕೈ ಬಿಸಿ ಇರುವಾಗಲೇ ಹಾಕಿಕೊಳ್ಳಿ. ಬಿಚ್ಚಿದ ಮಿಟನ್ ಹಿಮದ ಮೇಲೆ ಇಡಬೇಡಿ, ಜಾಕೆಟ್ಟಿನೊಳಗೆ ಎದೆಗೆ ತುರುಕಿ. ಬೆವರು ಬರುತ್ತಿದೆ ಅನ್ನಿಸಿದ ಕೂಡಲೇ ಒಂದು ಪದರ ತೆಗೆಯಿರಿ. ಬೆರಳು ತಣ್ಣಗಾಗತೊಡಗಿದರೆ ತೋಳನ್ನು ನೆಟ್ಟಗೆ ಚಾಚಿ ಭುಜದಿಂದ ಜೋರಾಗಿ ಸುತ್ತು ತಿರುಗಿಸಿ. ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಇಡೀ ಗುಂಪಿಗೆ ಒಂದಾದರೂ ಹೆಚ್ಚುವರಿ ದೊಡ್ಡ ಮಿಟನ್ ಜೊತೆ ಚೀಲದಲ್ಲಿರಲಿ.

ಗಾಳಿಚಳಿ ಮೈನಸ್ 28ರಿಂದ ಮೈನಸ್ 39ರ ನಡುವೆ ಇದ್ದರೆ ಬರಿ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಬೆರಳು ಬಿಳುಚಿದರೆ ಎಚ್ಚರ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಕಂದು, ಕಪ್ಪು ಚರ್ಮದಲ್ಲಿ ಅದು ಅಷ್ಟು ಎದ್ದು ಕಾಣುವುದಿಲ್ಲ; ಬೂದಿ ಬಣ್ಣ, ಮೇಣದಂಥ ಹೊಳಪು, ಮುಟ್ಟಿದರೆ ಗಡಸು, ಇವನ್ನು ನೋಡಿ. ನೋಯುತ್ತಿದ್ದ ಬೆರಳು ಇದ್ದಕ್ಕಿದ್ದಂತೆ ನೋಯುವುದು ನಿಂತರೆ ಸಮಾಧಾನ ಪಡಬೇಡಿ, ಅದೇ ಕೆಟ್ಟ ಸೂಚನೆ. ಶುರುವಿನಲ್ಲಾದರೆ ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ. ಉಜ್ಜಬೇಡಿ, ಹಿಮ ತಿಕ್ಕಬೇಡಿ, ಬೆಂಕಿಗೆ ಹಿಡಿಯಬೇಡಿ. ಜೋಮು ಹಿಡಿದ ಬೆರಳಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಹೆಪ್ಪುಗಟ್ಟಿದ ಬೆರಳನ್ನು 37ರಿಂದ 39 ಡಿಗ್ರಿಯ ನೀರಿನಲ್ಲಿ ಕರಗಿಸಬೇಕು, ಅದೂ ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲದ ಜಾಗ ತಲುಪಿದ ಮೇಲೆ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಜಾಸ್ತಿ. ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಗೆಯುವುದು, ಒಣಗಿಸುವುದು

ಮನೆಗೆ ಬಂದ ಕೂಡಲೇ ಲೈನರ್ ಬೇರೆ ಮಾಡಿ, ಕಫ್ ಅಗಲಿಸಿ, ಬೆರಳು ಮೇಲೆ ಬರುವಂತೆ ನಿಲ್ಲಿಸಿ ಒಣಗಲು ಬಿಡಿ. ಹೀಟರಿನ ಮೇಲೆ ಇಟ್ಟರೆ ಚರ್ಮ ಒಣಗಿ ಬಿರಿಯುತ್ತದೆ, ಅಂಟು ಬಿಡುತ್ತದೆ. ಚರ್ಮದ ಅಂಗೈಗೆ ಆಗಾಗ ಮೇಣ ಸವರಿ, ಹೊಲಿಗೆಯ ಗೆರೆಗೆ ಸ್ವಲ್ಪ ಜಾಸ್ತಿ. ಒಗೆಯುವಾಗ ಬಟ್ಟೆ ಮೆದುಗೊಳಿಸುವ ದ್ರವ ಹಾಕಬೇಡಿ, ಅದು ಹೊರಬಟ್ಟೆ ನೀರು ಜಾರಿಸುವ ಗುಣವನ್ನೇ ಕೆಡಿಸುತ್ತದೆ. ಹೊರಬಟ್ಟೆಯ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ಉರುಳಿ ಹೋಗದೆ ಹರಡಿ ಕಪ್ಪಗೆ ಇಳಿದರೆ ನೀರು ಜಾರಿಸುವ ಸ್ಪ್ರೇ ಹೊಡೆಯುವ ಹೊತ್ತಾಗಿದೆ. ಹೆಬ್ಬೆರಳ ಕವಲಿನಲ್ಲಿ ಒಂದು ಹೊಲಿಗೆ ಬಿಟ್ಟಾಗಲೇ ಮೇಣ ಹಚ್ಚಿದ ದಾರದಲ್ಲಿ ಹೊಲಿದುಬಿಡಿ. ಒಳಗಿನ ಪೊರೆಗೆ ಸೂಜಿ ತಾಗದಂತೆ, ಹೊರಪದರಕ್ಕಷ್ಟೇ.